ಅಂಗಳದ ಮಳೆನೀರಿಗೆ ದಾರಿ ಯಾವುದು?

ಕಲ್ಲುಬೆಟ್ಟಗಳ ನಡುವಣ ಟೇಕಲ್‌ನಲ್ಲಿಯೂ ಮನೆಯಂಗಳಕ್ಕೆ ಸಿಮೆಂಟ್ ಹಾಸುವ ರೂಢಿ ಬೆಳೆದಿದೆ. ಅಚ್ಚೊತ್ತಿದ ಕಾಂಕ್ರೀಟ್ ನೋಟಕ್ಕೆ ಚೆಲುವು. ಆದರೆ ಬಿರುಕಿನ ಹೊರತು ಅದರಲ್ಲಿ ನೀರಿಗೆ ದಾರಿಯಿಲ್ಲ. 100 ಚದರ ಮೀಟರ್ ಅಂಗಳದ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1,000 ಲೀಟರ್ ನೀರು. ಬಹಳಷ್ಟು ಚರಂಡಿಯ ಪಾಲು. ಜೀವನದಿಯಿಲ್ಲದೆ, 2018ರಿಂದ ಬೆಂಗಳೂರಿನ ಸಂಸ್ಕರಿತ ನೀರಿನಿಂದ ಕೆರೆ ತುಂಬಿಸಿಕೊಳ್ಳುತ್ತಿರುವ ಕೋಲಾರ ಜಿಲ್ಲೆಗೆ ಇದು ಸಣ್ಣ ನಷ್ಟವಲ್ಲ.

ಇಂಟರ್‌ಲಾಕ್ ಇಟ್ಟಿಗೆಯ ಸಂದುಗಳಲ್ಲಿ ನೀರು ಕೆಲಮಟ್ಟಿಗೆ ಇಂಗುತ್ತದೆ, ಅಡಿಯಲ್ಲಿ ಜಲ್ಲಿ ಮತ್ತು ಮರಳಿನ ಹಾಸು ಇದ್ದರೆ ಮಾತ್ರ. ಕೆಳಗೆ ಕಾಂಕ್ರೀಟ್ ಸುರಿದು ಮೇಲೆ ಇಟ್ಟಿಗೆ ಜೋಡಿಸುವ ಮೇಸ್ತ್ರಿಗಳೂ ಉಂಟು. ಅದು ಹಣ ತೆತ್ತು ಕೊಂಡ ಬೆಪ್ಪುತನ. ನಲ್ಲಿಯ ಪೈಪು ಒಡೆದಾಗ ಇಟ್ಟಿಗೆಯನ್ನು ಕಿತ್ತು ಮರಳಿ ಕೂರಿಸಬಹುದು. ಅಚ್ಚಿನ ಕಾಂಕ್ರೀಟಿನಲ್ಲಿ ತೇಪೆ ಉಳಿಯುತ್ತದೆ. ಚಕ್ರ ಹಾಯುವ ಎರಡು ಪಟ್ಟಿಗಳಿಗಷ್ಟೇ ಊರಿನ ಕಲ್ಲುಚಪ್ಪಡಿ ಹಾಸಿ, ನಡುವೆ ಗರಿಕೆಗೆ ಮಣ್ಣು ಬಿಡುವುದು ಇವೆರಡಕ್ಕಿಂತಲೂ ಮೇಲು.