ಎರಿತ್ರೊಮೈಸಿನ್ ಸೋಲುವುದು ಎಲ್ಲಿ

ಎರಿತ್ರೊಮೈಸಿನ್, ಅಜಿತ್ರೊಮೈಸಿನ್ ಗುಳಿಗೆಗಳು ಮೊದಲಿನಂತೆ ನಾಟುವುದಿಲ್ಲ, ಮೈಗೆ ಒಗ್ಗಿಹೋಗಿವೆ ಎಂಬ ಆತಂಕ ಕೇಳುಗರಿಂದ ಮತ್ತೆ ಮತ್ತೆ ಬರುತ್ತದೆ. ಮೈಗೆ ಒಗ್ಗುವುದೆಂಬುದು ಶುದ್ಧ ತಪ್ಪು ತಿಳಿವಳಿಕೆ. ಬದಲಾಗುವುದು ಬ್ಯಾಕ್ಟೀರಿಯಾ. ಔಷಧಿಯನ್ನು ಹೊರದಬ್ಬುವ ಪಂಪುಗಳು ಕೆಲವು ಬ್ಯಾಕ್ಟೀರಿಯಾಗಳಲ್ಲಿವೆ. ಆದರೆ ಹೆಚ್ಚು ತೊಡಕಿನದು ಪ್ರೋಟೀನು ಕಟ್ಟುವ ರೈಬೋಸೋಮಿನ ಒಂದೇ ಒಂದು ಜಾಗದಲ್ಲಿ ಆಗುವ ಮಾರ್ಪಾಡು.

ಆ ಜಾಗ ರೈಬೋಸೋಮಿನ 23ಎಸ್ ಆರ್‌ಎನ್‌ಎಯ 2058ನೆಯ ಅಡೆನೀನ್. ಎರಿತ್ರೊಮೈಸಿನ್ ಕೂರುವುದು ಅದನ್ನು ಆತುಕೊಂಡೇ. ಎರ್ಮ್ ಎಂಬ ಕಿಣ್ವ ಅಲ್ಲಿ ಒಂದೋ ಎರಡೋ ಮೀಥೈಲ್ ಗುಂಪು ಅಂಟಿಸಿದರೆ ಔಷಧಿಗೆ ಎಡೆಯೇ ಇರುವುದಿಲ್ಲ. ಕ್ಲಿಂಡಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ಕಿನ ರಚನೆ ಬೇರೆ, ಆದರೆ ನೆಲೆ ಅದೇ. ಒಂದು ಕಿಣ್ವಕ್ಕೆ ಎರಡೂ ಸೋಲುತ್ತವೆ. ಎರಿತ್ರೊಮೈಸಿನ್ ತಯಾರಿಸುವ ಮಣ್ಣಿನ ಬ್ಯಾಕ್ಟೀರಿಯಾ ತನ್ನ ವಿಷದಿಂದ ತಾನು ಪಾರಾಗುವುದೂ ಇಂಥದೇ ಕಿಣ್ವದಿಂದ.

ಅನೇಕ ಸ್ಟಫಿಲೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಈ ಕಿಣ್ವ ಸದಾ ತಯಾರಾಗುವುದಿಲ್ಲ. ಮೀಥೈಲ್ ಅಂಟಿದ ರೈಬೋಸೋಮು ಕೆಲವು ಪ್ರೋಟೀನುಗಳನ್ನು ಸರಿಯಾಗಿ ಕಟ್ಟಲಾರದು. ಬೇಡದಾಗ ಅದು ಬ್ಯಾಕ್ಟೀರಿಯಾಕ್ಕೆ ನಷ್ಟವೇ. ಅದಕ್ಕಾಗಿ ಈ ಕಿಣ್ವದ ಎರ್ಮ್-ಸಿ ಎಂಬ ಜೀನಿನ ಸಂದೇಶವಾಹಕ ಆರ್‌ಎನ್‌ಎ ಮಡಚಿಕೊಂಡು, ಕಿಣ್ವದ ಓದು ಶುರುವಾಗುವ ತಾಣವನ್ನು ಮುಚ್ಚಿಟ್ಟಿರುತ್ತದೆ. ಆ ತಾಣಕ್ಕೂ ಮೊದಲು 19 ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡಿನ ಸಂದೇಶವಿದೆ. ಔಷಧಿ ಹೊತ್ತ ರೈಬೋಸೋಮು ಅದನ್ನು ಓದುತ್ತ ನಡುವೆಯೇ ನಿಂತುಬಿಡುತ್ತದೆ. ಅದು ನಿಂತಾಗ ಮಡಿಕೆ ಬೇರೆ ಬಗೆಯಲ್ಲಿ ಕೂಡಿಕೊಂಡು ತಾಣ ತೆರೆಯುತ್ತದೆ. ಔಷಧಿ ಹಿಡಿಯದ ಇನ್ನೊಂದು ರೈಬೋಸೋಮು ಕಿಣ್ವವನ್ನು ಕಟ್ಟುತ್ತದೆ. ಇದನ್ನು ಇನ್ನೊಮ್ಮೆ ಹೇಳಲೇಬೇಕು, ಬಲ್ಲವರೂ ಇಲ್ಲಿ ಎಡವುತ್ತಾರೆ: ಕಿಣ್ವವನ್ನು ಎಬ್ಬಿಸುವುದು ಔಷಧಿಯೇ. ಔಷಧಿ ಇಲ್ಲದಾಗ ಮಡಿಕೆ ಮುಚ್ಚಿರುತ್ತದೆ. ಔಷಧಿ ಬಂದರೆ ರೈಬೋಸೋಮು ನಿಲ್ಲುತ್ತದೆ, ಮಡಿಕೆ ಬಿಚ್ಚುತ್ತದೆ, ಕಿಣ್ವ ಹುಟ್ಟುತ್ತದೆ, ಹೊಸದಾಗಿ ತಯಾರಾಗುತ್ತಿರುವ ರೈಬೋಸೋಮುಗಳಿಗೆ ಮೀಥೈಲ್ ಅಂಟುತ್ತದೆ.

ಕ್ಲಿಂಡಮೈಸಿನ್‌ಗೆ ಹೀಗೆ ಎಬ್ಬಿಸುವ ಗುಣ ಬಹುಮಟ್ಟಿಗೆ ಇಲ್ಲ. ಆದ್ದರಿಂದ ಪರೀಕ್ಷೆಯ ತಟ್ಟೆಯಲ್ಲಿ ಅದೊಂದನ್ನೇ ಇಟ್ಟರೆ ಗೆದ್ದಂತೆ ಕಾಣುತ್ತದೆ. ಆದರೆ ಚಿಕಿತ್ಸೆಯ ನಡುವೆ ಕಿಣ್ವವನ್ನು ಸದಾ ತಯಾರಿಸುವ ರೂಪಾಂತರಿಗಳು ಮೇಲೆದ್ದು ಅದನ್ನು ಸೋಲಿಸಬಹುದು. ಪಕ್ಕದಲ್ಲಿ ಎರಿತ್ರೊಮೈಸಿನ್ ಬಿಲ್ಲೆ ಇಟ್ಟರೆ ಗುಟ್ಟು ಹೊರಬೀಳುತ್ತದೆ: ಕ್ಲಿಂಡಮೈಸಿನ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬರಿದಾದ ವೃತ್ತ ಆ ಬದಿಗೆ ಚಪ್ಪಟೆಯಾಗಿ ಇಂಗ್ಲಿಷಿನ 'ಡಿ' ಅಕ್ಷರದಂತಾಗುತ್ತದೆ. ಆ ಅಂಚನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡವರಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಶೀತ ಬರುವುದು ವೈರಸ್ಸಿನಿಂದ. ಅದಕ್ಕೆಂದು ಅಂಗಡಿಯಿಂದ ಅಜಿತ್ರೊಮೈಸಿನ್ ತಂದು ನುಂಗಿದರೆ ಶೀತಕ್ಕೆ ಏನೂ ಆಗದು. ಬದಲಿಗೆ ಗಂಟಲು, ಚರ್ಮಗಳಲ್ಲಿ ಎರ್ಮ್ ಉಳ್ಳ ಬ್ಯಾಕ್ಟೀರಿಯಾಗಳು ಹೆಚ್ಚಬಹುದು, ಜೀನು ಪ್ಲಾಸ್ಮಿಡ್ ಎಂಬ ಡಿಎನ್ಎ ತುಣುಕಿನ ಮೂಲಕ ನೆರೆಯವಕ್ಕೂ ದಾಟಬಹುದು. ಸ್ಟಫಿಲೊಕಾಕಸ್ಸಿನ ಸೋಂಕಿಗೆ ಕ್ಲಿಂಡಮೈಸಿನ್ ಆರಿಸುವಾಗ 'ಡಿ' ಪರೀಕ್ಷೆಯ ಫಲ ನೋಡಬೇಕು. ಹಿಂದೆ ನುಂಗಿದ ಆಂಟಿಬಯಾಟಿಕ್‌ಗಳ ಹೆಸರನ್ನು ರೋಗಿ ವೈದ್ಯರಿಗೆ ತಿಳಿಸಬೇಕು.