ತಣಿದ ಬೆಂಕಿಯ ದ್ವೀಪದಲ್ಲಿ ಒಂದು ದಿನ

ಜ್ವಾಲಾಮುಖಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದೂರದೇಶಗಳಿಗೆ ಹಾರುತ್ತದೆ. ಇಟಲಿಯ ವೆಸೂವಿಯಸ್, ಜಪಾನಿನ ಫ್ಯೂಜಿ, ಹವಾಯಿಯ ಕಿಲವೇಯಾ ಇವುಗಳ ಚಿತ್ರಗಳನ್ನು ನಾವೆಲ್ಲರೂ ಕಂಡವರೇ. ಹಣವೂ ಬಿಡುವೂ ಉಳ್ಳವರು ರಜೆಗೆಂದು ಅಂಥ ಕಡೆಗೆ ಹೋಗಿ, ಹಗಲು ಬೆಂಕಿಯ ಬಾಯನ್ನು ನೋಡಿ, ಸಂಜೆ ಕಡಲತಡಿಯಲ್ಲಿ ಎಳನೀರು ಕುಡಿದು ಬರುವುದುಂಟು. ನಮ್ಮ ದೇಶದಲ್ಲಿ ಇನ್ನೂ ಉಸಿರಾಡುತ್ತಿರುವ ಜ್ವಾಲಾಮುಖಿ ಎಂದರೆ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದ್ದು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಿದ್ರಿಸಿದ್ದು 1991ರಲ್ಲಿ ಅದು ಮತ್ತೆ ಎಚ್ಚೆತ್ತಿತು. ಕನ್ನಡನಾಡಿನಲ್ಲಿ ಅಂಥದು ಇಲ್ಲ. ಇಲ್ಲವೆಂದು ವ್ಯಸನಪಡಬೇಕಾಗಿಯೂ ಇಲ್ಲ. ಆದರೆ ಇಲ್ಲಿಯೂ ಒಂದು ಕಾಲಕ್ಕೆ ನೆಲ ಬಾಯಿಬಿಟ್ಟಿತ್ತು. ಅದರ ಗುರುತು ಮಲ್ಪೆಯ ಕಡಲಿನಲ್ಲಿ, ತೀರದಿಂದ ಆರೇಳು ಕಿಲೋಮೀಟರು ದೂರದಲ್ಲಿ ನಿಂತಿದೆ. ಸೇಂಟ್ ಮೇರೀಸ್ ದ್ವೀಪಗಳೆಂದು ಅದರ ಹೆಸರು. ಅಲ್ಲಿ ಕಳೆದ ಒಂದು ದಿನದ ವಿಚಾರವನ್ನು ತಮ್ಮ ಮುಂದಿಡಬೇಕೆಂದು ನನ್ನ ಉದ್ದೇಶ.

ನನ್ನ ಊರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ. ಬತ್ತ, ಕಬ್ಬು, ನಾಲೆಯ ನೀರು ಇವು ಮೂರೂ ಸೇರಿ ಆದದ್ದು ನಮ್ಮ ಲೋಕ. ಮಾಗಿಯಲ್ಲಿ ಒಕ್ಕಣೆ ಮುಗಿದ ಮೇಲೆ ಹನ್ನೊಂದು ಮಂದಿ ಒಂದು ವ್ಯಾನು ಮಾಡಿಕೊಂಡು ಹೊರಟೆವು. ನಮ್ಮ ಗುಂಪಿಗೆ ಹಿರಿಯರೆಂದರೆ ನನ್ನ ಸೋದರಮಾವ. ಬೇಬಿ ಬೆಟ್ಟದ ಮಗ್ಗುಲಿನ ಹಳ್ಳಿಯವರು, ಎಪ್ಪತ್ತು ದಾಟಿದವರು. ಹರೆಯದಿಂದ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿ ಹದ ಹೇಳಿದವರು. ಸಮುದ್ರವನ್ನು ಮಾತ್ರ ಅದುವರೆಗೆ ನೋಡಿರಲಿಲ್ಲ. ಹಾಸನ, ಸಕಲೇಶಪುರ, ಶಿರಾಡಿಯ ಇಳಿಜಾರು ಇವೆಲ್ಲ ರಾತ್ರಿಯ ನಿದ್ರೆಯಲ್ಲಿ ಕಳೆದುವು. ಉಡುಪಿಯಲ್ಲಿ ಕೃಷ್ಣದರ್ಶನವಾಯಿತು, ಊಟವೂ ಆಯಿತು. ಈ ಎರಡರಲ್ಲಿ ಯಾವುದು ಹೆಚ್ಚೆಂದು ವ್ಯಾನಿನಲ್ಲಿ ನಡೆದ ಚರ್ಚೆಯನ್ನು ಇಲ್ಲಿ ವಿಸ್ತರಿಸುವುದು ತರವಲ್ಲ.

ಮರುದಿನ ಬೆಳಗ್ಗೆ ಮಲ್ಪೆಯಿಂದ ದೋಣಿ ಹತ್ತಿದೆವು. ಮೀನುಗಾರಿಕೆಯ ಬಂದರು ಹಿಂದೆ ಸರಿಯುತ್ತಿದ್ದಂತೆ ನೀರಿನ ಬಣ್ಣ ಬೂದಿಯಿಂದ ಹಸುರಿಗೂ ಹಸುರಿನಿಂದ ನೀಲಿಗೂ ತಿರುಗಿತು. ಮಾವ ದೋಣಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕುಳಿತವರು ಒಂದು ಮಾತನ್ನೂ ಆಡಲಿಲ್ಲ. ಸುಮಾರು ಅರ್ಧ ಗಂಟೆಯಲ್ಲಿ ತೆಂಗಿನ ಮರಗಳ ಸಾಲು ಕಂಡಿತು. ಆಮೇಲೆ ಅದರ ಕಾಲಬುಡದಲ್ಲಿ ಕಲ್ಲು ಕಂಡಿತು.

ಆ ಕಲ್ಲುಗಳನ್ನು ಹೇಗೆ ವರ್ಣಿಸುವುದು? ಯಾರೋ ಶಿಲ್ಪಿಗಳು ಗುಡಿ ಕಟ್ಟಲು ಕಂಬಗಳನ್ನು ಕಡೆದು, ಒಂದಕ್ಕೊಂದು ಒತ್ತಿ ನಿಲ್ಲಿಸಿ, ಚಾವಣಿ ಹಾಕುವ ಮುನ್ನವೇ ಎದ್ದು ಹೋದಂತಿದೆ. ಕೆಲವು ಮೊಣಕಾಲೆತ್ತರ, ಕೆಲವು ಆರು ಮೀಟರಿನವರೆಗೂ ಎತ್ತರ. ಮೂಲೆಗಳು ಚೊಕ್ಕ, ಬದಿಗಳು ನೇರ. ಮಾವ ಒಂದೊಂದರ ನೆತ್ತಿಯ ಮೇಲೂ ಬೆರಳಿಟ್ಟು ಮೂಲೆ ಎಣಿಸುತ್ತ ಹೋದರು. ಹೆಚ್ಚಿನವು ಆರು, ನಡುನಡುವೆ ಐದು, ಎಲ್ಲೋ ಒಂದು ಏಳು. ಎಣಿಸಿ ಮುಗಿಸಿ ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪ, ಕಲ್ಲು ನೋಡಕ್ಕೆ ಇಷ್ಟು ದೂರ ಬರಬೇಕಾಗಿತ್ತಾ? ನಮ್ಮ ಕಡೆ ಕಲ್ಲಿಗೇನು ಬರ ಬಂದಿತ್ತಾ?" ಎಂದರು.

ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳಲು ನನಗೆ ಅವರ ಆಲೆಮನೆಯೇ ನೆರವಾಯಿತು. ಭೂಮಿಯ ಒಳಗೆ ಕುದಿಯುವ ಶಿಲಾರಸ ಕೊಪ್ಪರಿಗೆಯ ಪಾಕದಂಥದೇ. ತೆಳುವಾಗಿದ್ದರೆ ದೂರ ಹರಿಯುತ್ತದೆ, ಗಟ್ಟಿಯಾಗಿದ್ದರೆ ಸುರಿದಲ್ಲೇ ಕೂರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ತೆಳುಪಾಕ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳಿಂದ ಹಿಡಿದು ಮಹಾರಾಷ್ಟ್ರದ ಉದ್ದಗಲಕ್ಕೂ ಹರಡಿ ದಖನ್ನಿನ ಕಪ್ಪುಕಲ್ಲಾಯಿತು. ಗೋಲಗುಮ್ಮಟ ಎದ್ದದ್ದು ಆ ಕಲ್ಲಿನಿಂದ. ಮಲ್ಪೆಯ ಕಡಲಿನದು ಅದಕ್ಕಿಂತ ಹಳೆಯದು, ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳದು. ಪಾಕವೂ ಬೇರೆ, ಸಿಲಿಕಾ ಹೆಚ್ಚಾಗಿ ಮಂದವಾದದ್ದು. ಭೂವಿಜ್ಞಾನಿಗಳು ಈ ಬಗೆಯ ಶಿಲೆಯನ್ನು ರಯೋಲೈಟ್ ಎನ್ನುತ್ತಾರೆ.

ಇನ್ನು ಆರು ಮೂಲೆಯ ಸಂಗತಿ. ಬೇಸಗೆಯಲ್ಲಿ ನೀರಿಳಿದ ಕೆರೆಯಂಗಳವನ್ನು ನೋಡದವರಾರು? ತೊಣ್ಣೂರು ಕೆರೆಯ ಹಿನ್ನೀರಾಗಲಿ ನಮ್ಮ ಗದ್ದೆಯಾಗಲಿ, ಒಣಗಿದ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ, ಸೀಳುಗಳು ಒಂದನ್ನೊಂದು ಕೂಡಿ ನೆಲವನ್ನು ಹಲವು ಮೂಲೆಗಳ ಹೆಂಟೆಗಳಾಗಿ ವಿಂಗಡಿಸುತ್ತವೆ. ಕೆಸರು ನೀರು ಕಳೆದುಕೊಂಡು ಕುಗ್ಗಿದರೆ ಶಿಲಾರಸ ಕಾವು ಕಳೆದುಕೊಂಡು ಕುಗ್ಗುತ್ತದೆ. ಮೂರು ಸೀಳುಗಳು ಸಮಕೋನದಲ್ಲಿ ಸಂಧಿಸಿದರೆ ಅತಿ ಕಡಿಮೆ ಬಿರುಕಿನಲ್ಲಿ ಅತಿ ಹೆಚ್ಚು ಬಿಗಿತ ಸಡಿಲವಾಗುತ್ತದೆ. ಆದ್ದರಿಂದಲೇ ಆರು ಮೂಲೆಯತ್ತ ಒಲವು. ಮೇಲ್ಮೈಯಲ್ಲಿ ಹುಟ್ಟಿದ ಸೀಳು, ಒಳಗಿನದು ತಣಿದಂತೆಲ್ಲ, ಹೆಜ್ಜೆಹೆಜ್ಜೆಯಾಗಿ ಆಳಕ್ಕೆ ಇಳಿಯುತ್ತದೆ. ಹೀಗೆ ಕಂಬವಾಗುತ್ತದೆ. ಇಷ್ಟನ್ನೂ ಕೇಳಿದ ಮಾವ, "ಅವಸರದಲ್ಲಿ ತಣಿದರೆ ಹಿಂಗೆ ಒಪ್ಪವಾಗಿ ಬರಾಕಿಲ್ಲ" ಎಂದರು. ಪುಸ್ತಕ ಓದಿದವರು ಹೇಳುವುದೂ ಇದನ್ನೇ.

ಆ ಒಂಬತ್ತು ಕೋಟಿ ವರ್ಷಗಳ ಹಿಂದೆ ಎದುರಿನ ಕಡಲೇ ಇರಲಿಲ್ಲ ಎಂಬುದು ಇನ್ನೊಂದು ವಿಸ್ಮಯ. ಆಗ ಭಾರತವೂ ಮಡಗಾಸ್ಕರವೂ ಅಂಟಿಕೊಂಡಿದ್ದುವು. ನೆಲದಡಿಯ ಕಾವಿಗೆ ಆ ಜೋಡಿ ಬಿರಿಯಿತು. ಬಿರಿಯುವ ಹೊತ್ತಿನಲ್ಲಿ ಉಕ್ಕಿದ ರಸದ ಒಂದು ತೊಟ್ಟು ಈ ದ್ವೀಪ. ಮಡಗಾಸ್ಕರ ಇಂದು ನಮ್ಮ ಕರಾವಳಿಯಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರು ದೂರದಲ್ಲಿದೆ. ಹಿಸ್ಸೆಯಾದ ಅಣ್ಣತಮ್ಮಂದಿರ ಜಮೀನಿನ ನಡುವೆ ಉಳಿದ ಎಲ್ಲೆಕಲ್ಲು ಎಂದು ನಾನು ಹೇಳಿದಾಗ ನಮ್ಮ ಗುಂಪಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದಕ್ಕೆ ಕಾರಣ ಬೇರೆ, ಇರಲಿ.

ದ್ವೀಪದ ಹೆಸರಿಗೂ ಒಂದು ಕತೆಯಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ. ಸ್ಥಳೀಯರ ಬಾಯಲ್ಲಿ ಇದು ತೋನ್ಸೆಪಾರ್. ಕಲ್ಲುಕಂಬಗಳ ದ್ವೀಪವನ್ನು ತೆಂಗಿನ ದ್ವೀಪವೆಂದೂ ಕರೆಯುತ್ತಾರೆ. ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರು. ತೀರದಲ್ಲಿ ಮರಳಿಗಿಂತ ಹೆಚ್ಚಾಗಿ ಚಿಪ್ಪು. ಕಾಲಿಟ್ಟರೆ ಚುರುಚುರು ಸದ್ದು.

ಮಧ್ಯಾಹ್ನದ ಹೊತ್ತಿಗೆ ದೋಣಿಗಳು ಒಂದರ ಹಿಂದೊಂದು ಬಂದು ಜನ ತುಂಬಿತು. ಕಂಬಗಳ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುವವರು, ಅಲೆ ಬಡಿಯುವ ಬಂಡೆಯಂಚಿಗೆ ಹೋಗುವವರು. ಕಾವಲಿನವನು ಪೀಪಿ ಊದಿ ಊದಿ ದಣಿದಿದ್ದ. ಒಂದು ಕಂಬದ ಮೇಲೆ ಯಾರೋ ಎರಡು ಹೆಸರುಗಳನ್ನು ಕೆತ್ತಿ ನಡುವೆ ಬಾಣ ಎಳೆದಿದ್ದರು. ಅದನ್ನು ನೋಡುತ್ತ ನಿಂತಿದ್ದ ಮಾವ ಹೇಳಿದ ಮಾತು ಇದು: "ಇಲ್ಲಿ ಒಂದು ಕಲ್ಲು ಕೆರೆದರೆ ಪೀಪಿ ಊದುತಾನೆ. ನಮ್ಮ ಕಡೆ ಬೆಟ್ಟಕ್ಕೆ ಬೆಟ್ಟವೇ ಲಾರಿ ಹತ್ತಿ ಹೋಯಿತಲ್ಲ, ಅಲ್ಲಿ ಊದೋರು ಯಾರಿದ್ದರು?"

ಬೇಬಿ ಬೆಟ್ಟದ ದನಗಳ ಜಾತ್ರೆಯನ್ನು ಬಲ್ಲವರು ನಿಮ್ಮಲ್ಲಿ ಇದ್ದಾರು. ಅದು ಹಿಂದೆ ಅಮೃತಮಹಲ್ ಕಾವಲಿನ ನೆಲ. ಅಲ್ಲಿ ಕಲ್ಲುಗಣಿಗಳು ಬಂದು, ಸಿಡಿಮದ್ದಿನ ಸದ್ದು ಹತ್ತಿರದ ಕನ್ನಂಬಾಡಿ ಕಟ್ಟೆಗೆ ಕೇಡೆಂಬ ಆತಂಕ ಹುಟ್ಟಿ, ವರ್ಷಗಟ್ಟಲೆ ವಾದ ನಡೆದು, 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಅಣೆಕಟ್ಟೆಯ ಸುತ್ತ 20 ಕಿಲೋಮೀಟರು ಗಣಿಗಾರಿಕೆಗೆ ತಡೆ ಹಾಕಿತು. ಇದನ್ನು ಪತ್ರಿಕೆಗಳಲ್ಲಿ ಓದುವುದು ಒಂದು. ಮಾವನ ಮನೆಯಲ್ಲಿ ಕುಳಿತು ನೋಡುವುದು ಇನ್ನೊಂದು. ಅವರ ಕಿರಿಯ ಮಗ ಕೆಲವು ವರ್ಷ ಒಂದು ಕ್ರಷರಿನಲ್ಲಿ ಕೂಲಿ ಮಾಡಿದವನು. ಹಳೆಯ ಮನೆಗೆ ಹೊಸ ಸೂರು ಬಿದ್ದದ್ದು ಆ ದುಡ್ಡಿನಿಂದ. ಸಿಡಿತದ ಅದುರಿಗೆ ಪೂರ್ವದ ಗೋಡೆ ಸೀಳಿದ್ದೂ ಅದೇ ಮನೆಯಲ್ಲಿ. ಈಗ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ, ಸೀಳು ಗೋಡೆಯಲ್ಲಿದೆ. ಮಾವ ಯಾರ ಪಕ್ಷವನ್ನೂ ವಹಿಸಿ ಮಾತಾಡುವವರಲ್ಲ. "ಕಲ್ಲು ಒಡೆಯದೆ ಮನೆ ಆಗಾಕಿಲ್ಲ. ಕಟ್ಟೆ ಆಗಿದ್ದೂ ಕಲ್ಲಿಂದಲೇ" ಎಂದರು. ನಿಜವೇ. 1911ರಲ್ಲಿ ಕೆಲಸ ತೊಡಗಿದ ಆ ಕಟ್ಟೆ ಕಲ್ಲು ಮತ್ತು ಸುರ್ಕಿ ಗಾರೆಯಿಂದ ಎದ್ದದ್ದು. ನಮ್ಮ ಗದ್ದೆಗೆ ನೀರು ಬಂದದ್ದು ಅದರಿಂದ.

ನಾನು ಅವರಿಗೆ ನಮ್ಮ ಕುಂತಿಬೆಟ್ಟದ ವಿಷಯ ಹೇಳಿದೆ. ಆ ಬಂಡೆಗಳೂ ಬೆಂಕಿಯ ಮಕ್ಕಳೇ. ಹೊರಗೆ ಚಿಮ್ಮದೆ ನೆಲದ ಆಳದಲ್ಲಿ ಬಹು ನಿಧಾನವಾಗಿ ತಣಿದುವು. ಮೇಲಿನ ಮಣ್ಣು ಸವೆದು ಸರಿದ ಮೇಲೆ ಬೆಳಕಿಗೆ ಬಂದುವು. ವಯಸ್ಸಿನಲ್ಲಿ ಈ ಕಂಬಗಳಿಗೆ ಮುತ್ತಜ್ಜಂದಿರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರೆ ಅಲ್ಲೂ ಒಬ್ಬ ಪೀಪಿಯವನು ಬೇಕು" ಎಂದರು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆ ಈ ದ್ವೀಪವನ್ನೂ, ಲಾಲ್‌ಬಾಗಿನ ಬಂಡೆಯನ್ನೂ, ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಶಿಲೆಯನ್ನೂ ರಾಷ್ಟ್ರೀಯ ಸ್ಮಾರಕಗಳೆಂದು ಗುರುತಿಸಿದೆ. ಗುರುತಿಲ್ಲದ ಬೆಟ್ಟಗಳೇ ನಾಡಿನಲ್ಲಿ ಹೆಚ್ಚು.

ಸಂಜೆಯ ಕೊನೆಯ ದೋಣಿಯಲ್ಲಿ ಎಲ್ಲರೂ ಮರಳಬೇಕು; ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಮಳೆಗಾಲದಲ್ಲಂತೂ ದೋಣಿಯೇ ಹೋಗುವುದಿಲ್ಲ. ಮೊಮ್ಮಗಳಿಗೆಂದು ಮಾವ ಒಂದು ಬಿಳಿಯ ಚಿಪ್ಪನ್ನು ಆರಿಸಿ ಜೇಬಿಗಿಟ್ಟಿದ್ದರು. ದೋಣಿ ಹತ್ತುವ ಮೊದಲು ಅದನ್ನು ತೆಗೆದು, ತಿರುಗಿಸಿ ತಿರುಗಿಸಿ ನೋಡಿ, ತೀರದಲ್ಲೇ ಇಟ್ಟು ಬಂದರು. ಯಾರೂ ಪೀಪಿ ಊದಿರಲಿಲ್ಲ.