ವಿದ್ಯಾರ್ಥಿವೇತನವೂ ದಾಸೋಹವೇ

ಕೊಡ್ಲಿಯಿಂದ ಕಲಬುರಗಿಗೆ ಓದಲು ಹೋದ ಮಗನಿಗೆ ಕಾಲೇಜಿನ ಫೀಸಿಗಿಂತ ಭಾರವಾದುದು ಖೋಲಿಯ ಬಾಡಿಗೆ, ಎರಡು ಹೊತ್ತಿನ ರೊಟ್ಟಿ. ಇದನ್ನರಿತೇ ಸರಕಾರ 2013ರಲ್ಲಿ ವಿದ್ಯಾಸಿರಿ ತಂದಿತು: ಸರಕಾರಿ ವಸತಿನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಬಡ ವಿದ್ಯಾರ್ಥಿಗೆ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು. 2021ರಲ್ಲಿ ಹೊರಟ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ರೈತನ ಮಗನಿಗೆ ವರ್ಷಕ್ಕೆ 5000, ಮಗಳಿಗೆ 5500 ಎಂದಿಟ್ಟರು. ಮಗಳಿಗೆ ಐನೂರು ಹೆಚ್ಚು! ನಮಗೆ ಇದು ಬಹಳ ಹಿಡಿಸಿತು.

ಸರಕಾರದ ಮುಂದೆ ಕೈಯೊಡ್ಡುವುದೇ ಎಂದು ಕೆಲವರು ಸಂಕೋಚಪಡುತ್ತಾರೆ. ಸಂಕೋಚವೇತಕ್ಕಪ್ಪಾ? ಕಡ್ಡಿಪೆಟ್ಟಿಗೆ ಕೊಂಡವನೂ ತೆರಿಗೆ ತೆತ್ತಿದ್ದಾನೆ. ನಿಮ್ಮೆಲ್ಲರ ಕಾಯಕದ ಬೆವರೇ ದಾಸೋಹವಾಗಿ ತಿರುಗಿ ಬಂದಿದೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರನ್ನು ನಾವು ಭಿಕ್ಷುಕರೆಂದೆವೇ?

ನಾಚಬೇಕಾದವನು ಬೇರೆ ಇದ್ದಾನೆ. ಹೊಲ, ಅಂಗಡಿ, ಜೀಪು ಎಲ್ಲ ಇದ್ದೂ ಸುಳ್ಳು ಆದಾಯಪತ್ರ ಮಾಡಿಸುವವನು. ಪಂಕ್ತಿಯಲ್ಲಿ ಉಂಡೆದ್ದವನು ಮತ್ತೆ ತಾಟು ಒಡ್ಡಿದರೆ, ಕಡೆಗೆ ಬಂದ ಹಸಿದವನಿಗೆ ಬೋಗುಣಿ ಬರಿದು.

ಇನ್ನೊಂದು ಮಾತು. ಈ ಹಣ ಹಲವು ಸಲ ತಡವಾಗಿ ಬರುತ್ತದೆ. ಬಾಡಿಗೆ ಮಾತ್ರ ಒಂದನೇ ತಾರೀಖಿಗೇ. ತೊಗರಿ ಮಾರಿ ಕೈಯಲ್ಲಿ ನಾಲ್ಕು ಕಾಸಿದ್ದವರು ನೆರೆಮನೆಯ ಹುಡುಗನ ಎರಡು ತಿಂಗಳ ಬಾಡಿಗೆ ಹೊತ್ತುಕೊಳ್ಳಿರಿ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸುವುದು, ಅರ್ಜಿಯ ಕಡೆಯ ದಿನ, ಇವೆಲ್ಲ ಓದು ಬಾರದ ತಾಯಿಗೆ ಹೇಗೆ ತಿಳಿಯಬೇಕು? ಓದಿದವರು ನಾಳೆಯೇ ಅವಳ ಮನೆಗೆ ಹೋಗಿ ಕಾಗದಪತ್ರ ನೋಡಿರಿ.